ಎಣ್ಣೆ ರಾಜ್ಯದಲ್ಲಿ ಖಾಲಿ ಬಾಣಲೆ

ಜಗತ್ತಿನ ಅರ್ಧಕ್ಕಿಂತ ಜಾಸ್ತಿ ತಾಳೆ ಎಣ್ಣೆ ತೆಗೆಯುವ ದೇಶ ಯಾವುದು? ಇಂಡೊನೇಷ್ಯಾ. 2022ರಲ್ಲಿ ಎರಡು ಲೀಟರ್ ಅಡುಗೆ ಎಣ್ಣೆಗಾಗಿ ಹೆಂಗಸರು ಅಂಗಡಿ ಮುಂದೆ ಸಾಲು ನಿಂತ ದೇಶ? ಅದೂ ಇಂಡೊನೇಷ್ಯಾವೇ.

ಸರ್ಕಾರ ಸುಮ್ನೆ ಕೂತಿರಲಿಲ್ಲ. ಲೀಟರಿಗೆ 14,000 ದಾಟಬಾರದು (ಗಾಬರಿಯಾಗಬೇಡಿ, ಅವರ ರುಪಿಯಾ) ಎಂದು ಬೆಲೆ ಕಟ್ಟಿತು. ಆದೇಶ ಓದಿದ ಎಣ್ಣೆ ನಾಚಿಕೊಂಡು ಒಳಗೆ ಹೋಯಿತು. ಮಾರ್ಚಿನಲ್ಲಿ ಪ್ಯಾಕೆಟ್ ಎಣ್ಣೆಯ ಮಿತಿ ತೆಗೆದದ್ದೇ ತಡ, ಅದೇ ಕಪಾಟಿನಲ್ಲಿ ಮತ್ತೆ ಪ್ರತ್ಯಕ್ಷ. ಬೆಲೆ ಮಾತ್ರ ಒಂದೂವರೆ ಪಟ್ಟಿಗೂ ಮೇಲೆ. ತಾಳೆ ಮರಗಳು ರಾತ್ರೋರಾತ್ರಿ ಹಣ್ಣು ಬಿಟ್ಟಿರಬೇಕು, ಅಲ್ವಾ?

ಎಣ್ಣೆಗೂ ಒಂದು ಸಾಲಿದೆ ನೋಡಿ. ಮುಂದೆ ರಫ್ತಿನ ಹಡಗು. ಅದರ ಹಿಂದೆ ಲಾರಿ. ಡೀಸೆಲಿಗೆ ಆಗಲೇ ಶೇ. 30ರಷ್ಟು ತಾಳೆ ಎಣ್ಣೆಯ ಇಂಧನ ಬೆರೆಸುತ್ತಿದ್ದರು, 2025ಕ್ಕೆ ಅದು ಶೇ. 40. ಕೊನೆಗೆ, ರಸ್ತೆ ಬದಿಯಲ್ಲಿ ಬಾಳೆಹಣ್ಣಿನ ಬಜ್ಜಿ ಕರಿಯುವವಳ ಬಾಣಲೆ. ಬೆಳಗ್ಗೆಯಿಂದ ಕಾದು ಕಪ್ಪಾದ ಎಣ್ಣೆಗೇ ಅವಳು ಇನ್ನೊಂದು ಸುತ್ತು ಹಿಟ್ಟು ಅದ್ದಿದ ಹಣ್ಣು ಬಿಡುತ್ತಾಳೆ. ಲಾರಿಗೆ ಹೊಸ ಎಣ್ಣೆ, ಬಜ್ಜಿಗೆ ಹಳೇ ಎಣ್ಣೆ.

ಆಗ ಮಾಜಿ ಅಧ್ಯಕ್ಷೆ ಮೇಗಾವತಿ ಸುಕರ್ಣೊಪುತ್ರಿ ಕೇಳಿದ್ದು: ಈ ಹೆಂಗಸರು ದಿನಾ ಕರಿಯೋದೇ ಕೆಲಸವಾ? ಕುದಿಸಬಾರದಾ, ಹಬೆಯಲ್ಲಿ ಬೇಯಿಸಬಾರದಾ? ಅವರ ಪಕ್ಷದವರು ಎಣ್ಣೆ ಇಲ್ಲದ ಅಡುಗೆ ಮಾಡಿಯೂ ತೋರಿಸಿದರು. ಹಡಗಿಗೆ ಮಾತ್ರ ಯಾರೂ ಪಥ್ಯ ಹೇಳಲಿಲ್ಲ.

ಹೇಳಿದರು ಅನ್ನಿ, ಏಪ್ರಿಲ್ 28ಕ್ಕೆ. ರಫ್ತೇ ಬಂದ್! ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡಿಕೊಳ್ಳುವ ನಮಗೂ ಎದೆ ಧಸಕ್ ಎಂದಿತು. ಬೋಂಡಾ ಅಂಗಡಿಯವರಿಗಂತೂ ಹೇಳುವುದೇ ಬೇಡ. ಅಲ್ಲಿ ಗೊನೆ ಕೊಯ್ದ ಸಣ್ಣ ರೈತನ ಹಣ್ಣಿಗೆ ಬೆಲೆ ಬಿತ್ತು, ಜಕಾರ್ತಾದಲ್ಲಿ ಪ್ರತಿಭಟನೆ ನಡೆಯಿತು. ಮೇ 23ಕ್ಕೆ ನಿಷೇಧವೂ ಮುಗಿಯಿತು. ಹಡಗು ಮತ್ತೆ ಸಾಲಿನ ಮುಂದೆ.

ಈಗಿನ ಅಧ್ಯಕ್ಷ ಪ್ರಬೋವೊ ಇನ್ನೂ ಒಂದು ಹೆಜ್ಜೆ ಮುಂದೆ. ತಾಳೆ ತೋಟ ಹೆಚ್ಚಿಸೋಣ, ಕಾಡು ನಾಶದ ಭಯ ಬೇಡ ಎಂದು 2024ರ ಡಿಸೆಂಬರ್ ಕೊನೆಯಲ್ಲಿ ಧೈರ್ಯ ಹೇಳಿದರು. ತಾಳೆಯೂ ಮರವೇ, ಅದಕ್ಕೂ ಎಲೆ ಇದೆಯಲ್ಲ, ಎಂದು. ಒರಾಂಗುಟಾನನ್ನು ಕೇಳಿದ್ದರೆ ಎರಡನೇ ಅಭಿಪ್ರಾಯ ಸಿಗುತ್ತಿತ್ತೇನೋ.

ಆದರೂ ಇಬ್ಬರ ಮಾತನ್ನೂ ಕೂಡಿಸಿ ನೋಡಿದರೆ ಅಡುಗೆ ಸಿದ್ಧ. ಎಲೆ ಇದೆ, ಹಬೆ ಇದೆ. ಕೊಟ್ಟೆ ಕಟ್ಟಿ ಕಡುಬು ಬೇಯಿಸಿ. ಎಣ್ಣೆ ಲಾರಿಗಿರಲಿ.