ಗಿರಾಕಿ ಬಾರದ ಅಂಗಡಿಗೆ ಆಯಕಟ್ಟಿನ ಜಾಗ ಅನ್ನಬೇಕು

ರಾತ್ರಿ ಊಟದ ಹೊತ್ತಿಗೆ ಟೀವಿ ಹಾಕಿದರೆ ಮತ್ತೆ ಅದೇ ನಕಾಶೆ. ಹಿಂದೂ ಮಹಾಸಾಗರ, ಅದರ ತುಂಬ ಕೆಂಪು ಚುಕ್ಕೆ, ಚುಕ್ಕೆಗಳನ್ನು ಪೋಣಿಸಿದ ಒಂದು ದಾರ. ಚೀನಾ ಭಾರತದ ಸುತ್ತ ಪೋಣಿಸುತ್ತಿರುವ ಬಂದರುಗಳ ಮುತ್ತಿನ ಹಾರವಂತೆ. ಹಾರದ ಪದಕ ಶ್ರೀಲಂಕಾದ ದಕ್ಷಿಣ ತುದಿಯ ಹಂಬನ್ತೋಟ ಬಂದರು. ನಿರೂಪಕರು ಕತ್ತಿನ ನರ ಉಬ್ಬಿಸಿಕೊಂಡು 'ಚೀನಾ ಬಂತು, ಚೀನಾ ಬಂತು' ಎಂದು ಕೂಗುತ್ತಿದ್ದಾರೆ. ಅದು ಬಂದು ಎಷ್ಟೋ ವರ್ಷವಾಯಿತು ಸ್ವಾಮಿ. ಬಂದು, ಕೂತು, ಕಾಫಿ ಕುಡಿದು, ಮನೆಪತ್ರ ಈಸಿಕೊಂಡು ಈಗ ಒಳಕೋಣೆಯಲ್ಲಿ ಗೊರಕೆ ಹೊಡೆಯುತ್ತಿದೆ.

ಈಗಿನ ನೆಪ ತೈಲ ಶುದ್ಧೀಕರಣ ಘಟಕ. ಚೀನಾದ ಸಿನೊಪೆಕ್ ಕಂಪನಿ ಹಂಬನ್ತೋಟದಲ್ಲಿ 370 ಕೋಟಿ ಡಾಲರ್ ಸುರಿಯುತ್ತದೆ ಎಂದು 2025ರ ಜನವರಿಯಲ್ಲಿ ಸಹಿ ಬಿತ್ತು. ಲಂಕೆಗೆ ಬಂದ ಅತಿ ದೊಡ್ಡ ವಿದೇಶಿ ಹೂಡಿಕೆ ಎಂದು ಅಲ್ಲಿನ ಸರ್ಕಾರ ಹೇಳಿತು. ಸಂತೋಷ. ಅಲ್ಲಿಗೆ ಬಂದದ್ದೆಲ್ಲ ಅತಿ ದೊಡ್ಡದೇ.

ಪತ್ರಿಕೆಯಲ್ಲಿ ಮೊದಲ ಸಲ ಈ ಹೆಸರು ಓದಿದಾಗ ನಾನು ಯಾವುದೋ ತೋಟ ಅಂದುಕೊಂಡಿದ್ದೆ. ಅಡಿಕೆ ಇರಬಹುದು, ತೆಂಗು ಇರಬಹುದು, ಬದಿಯಲ್ಲಿ ಒಂದು ಕೆರೆ. ಆಮೇಲೆ ಗೊತ್ತಾಯಿತು, ಸಿಂಹಳದಲ್ಲಿ 'ತೋಟ' ಅಂದರೆ ದೋಣಿ ತಂಗುವ ಕಡವು. 'ಹಂಬನ್' ಅನ್ನುವುದು ಸಾಂಪಾನ್ ಎಂಬ ದೋಣಿಯ ಹೆಸರಿನಿಂದ ಬಂತು, ಮಲಯ ನಾವಿಕರು ಆ ದೋಣಿಗಳಲ್ಲಿ ಅಲ್ಲಿಗೆ ಬರುತ್ತಿದ್ದರು ಎನ್ನುತ್ತಾರೆ. ಇನ್ನೂ ಕೆದಕಿದರೆ ಸಾಂಪಾನ್ ಎಂಬ ಮಾತಿನ ಮೂಲ ಚೀನೀ ಭಾಷೆಯಂತೆ, ಮೂರು ಹಲಗೆ ಎಂದು ಅರ್ಥ. ಅಂದರೆ ಊರಿನ ಹೆಸರಿನಲ್ಲೇ ಚೀನಾದವರ ಮೂರು ಹಲಗೆ ಇದೆ. ಇದನ್ನು ದಯವಿಟ್ಟು ನಿರೂಪಕರಿಗೆ ಹೇಳಬೇಡಿ. ನಾಳೆ ರಾತ್ರಿ ಅದೇ ಬ್ರೇಕಿಂಗ್ ನ್ಯೂಸ್ ಆಗುತ್ತದೆ.

ಹಂಬನ್ತೋಟ ಉಪ್ಪಿನ ಆಗರಗಳ ಊರು. ಎಮ್ಮೆ ಮೊಸರಿಗೂ ಆ ಕಡೆ ಹೆಸರಿದೆ. ಉಪ್ಪು, ಮೊಸರು, ಮೀನು. ಇಷ್ಟಿದ್ದರೆ ನಮ್ಮಂಥವರಿಗೆ ಊಟ ಮುಗಿಯಿತು. ಆದರೆ ಅದು ಲಂಕೆಯ ಆಗಿನ ಅಧ್ಯಕ್ಷ ಮಹಿಂದ ರಾಜಪಕ್ಸೆಯವರ ಜಿಲ್ಲೆ. ಅಧ್ಯಕ್ಷರ ಜಿಲ್ಲೆ ಮೊಸರು ಮಾರಿಕೊಂಡು ಕೂರಲು ಆಗುತ್ತದೆಯೇ?

ಅವರ ಲೆಕ್ಕ ಹೀಗಿತ್ತು. ಪೂರ್ವ, ಪಶ್ಚಿಮಗಳ ನಡುವಿನ ದೊಡ್ಡ ಹಡಗುದಾರಿ ಹಂಬನ್ತೋಟದಿಂದ ಹತ್ತು ನಾಟಿಕಲ್ ಮೈಲಿ ಆಚೆ ಹಾದುಹೋಗುತ್ತದೆ. ಸಾವಿರಾರು ಹಡಗು. ನಾವು ಇಲ್ಲೊಂದು ಬಂದರು ಕಟ್ಟಿ ದೀಪ ಹಚ್ಚಿಟ್ಟರೆ ಸಾಕು, ಬರುತ್ತವೆ.

ನಮ್ಮೂರ ಹತ್ತಿರ ಹೆದ್ದಾರಿ ಅಗಲವಾದಾಗ ಒಬ್ಬರು ಇದೇ ಲೆಕ್ಕ ಹಾಕಿದ್ದರು. ತೋಟ ಅಡವಿಟ್ಟು ರಸ್ತೆ ಬದಿಗೆ ಹೋಟೆಲ್ ಕಟ್ಟಿದರು. ದಿನಕ್ಕೆ ಇಷ್ಟು ಬಸ್ಸು, ಬಸ್ಸಿಗೆ ಇಷ್ಟು ತಲೆ, ತಲೆಗೆ ಎರಡೆರಡು ಇಡ್ಲಿ ಎಂದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುಣಿಸಿ ಬರೆದಿದ್ದನ್ನು ನಾನೇ ನೋಡಿದ್ದೇನೆ. ಗುಣಾಕಾರದಲ್ಲಿ ತಪ್ಪಿರಲಿಲ್ಲ. ಆದರೆ ಬಸ್ಸು ನಿಲ್ಲಬೇಕಲ್ಲ? ಐದು ಕಿಲೋಮೀಟರ್ ಆಚೆ ಹಳೇ ಹೋಟೆಲ್ಲಿತ್ತು. ಅಲ್ಲಿ ಡ್ರೈವರ್, ಕಂಡಕ್ಟರಿಗೆ ಊಟ ಪುಕ್ಕಟೆ. ಮಾಣಿಗೆ ಅವರ ಹೆಸರೂ ಗೊತ್ತು, ಸಕ್ಕರೆ ಕಾಯಿಲೆಯೂ ಗೊತ್ತು. ಪಕ್ಕದಲ್ಲೇ ಪಂಚರ್ ಅಂಗಡಿ. ಇವರ ಹೋಟೆಲ್ ಮುಂದೆ ಬಸ್ಸು ಹಾರ್ನ್ ಮಾಡಿ ಹೋಗುತ್ತಿತ್ತು, ಅಷ್ಟೆ. ಮಾಲೀಕರು ಎರಡು ವರ್ಷ ಬಾಗಿಲಲ್ಲಿ ನಿಂತು ಬಸ್ಸುಗಳಿಗೆ ಕೈ ಬೀಸಿದರು.

ಕೊಲಂಬೊ ಬಂದರು ಆ ಹಳೇ ಹೋಟೆಲ್ಲು. ಕಂಟೇನರ್ ಹಡಗು ದಾರಿಯಲ್ಲಿ ಸಿಕ್ಕಿತು ಅಂತ ಎಲ್ಲೂ ನಿಲ್ಲುವುದಿಲ್ಲ. ತಾನು ಇಳಿಸಿದ ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಲು ಅಲ್ಲಿ ಇನ್ನೊಂದು ಹಡಗು ಇದೆಯೇ ಎಂದು ನೋಡುತ್ತದೆ. ಹಡಗಿದ್ದಲ್ಲಿಗೆ ಹಡಗು ಬರುತ್ತದೆ. 2012ರಲ್ಲಿ ಕೊಲಂಬೊಗೆ 3,667 ಹಡಗು ಬಂದವು. ಹಂಬನ್ತೋಟಕ್ಕೆ 34. ಸೊನ್ನೆ ಬಿಟ್ಟುಹೋಗಿಲ್ಲ, ಮೂವತ್ತನಾಲ್ಕೇ. ನಮ್ಮೂರ ಹೋಟೆಲ್ಲಿಗೆ ಇದಕ್ಕಿಂತ ಜಾಸ್ತಿ ಬಸ್ಸು ಬಂದಿದ್ದವು, ದಾರಿ ಕೇಳಲಿಕ್ಕೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನಾವು ಕಂಡಿದ್ದೇವೆ. ಇಲ್ಲಿ ಕುಲಾವಿಗೆ ಸಾಲ ಬೇರೆ. ಮೊದಲ ಹಂತಕ್ಕೆ ಚೀನಾದ ಎಕ್ಸಿಮ್ ಬ್ಯಾಂಕಿನಿಂದ 30.7 ಕೋಟಿ ಡಾಲರ್, ಬಡ್ಡಿ ನೂರಕ್ಕೆ 6.3. ಕಟ್ಟಿದ್ದೂ ಚೀನಾದ ಕಂಪನಿ. ಸಾಲ ಕೊಟ್ಟವನೇ ಮೇಸ್ತ್ರಿ. ಮೊದಲು ಭಾರತವನ್ನೇ ಕೇಳಿದ್ದೆ ಎಂದು ರಾಜಪಕ್ಸೆಯವರು ಆಮೇಲೆ ಹೇಳಿಕೊಂಡರು. ಇರಬಹುದು. ಸಾಲ ಕೇಳಲು ಹೊರಟವರು ಒಂದೇ ಬಾಗಿಲು ಬಡಿಯುವುದಿಲ್ಲ.

ಉದ್ಘಾಟನೆ ಆದದ್ದು 2010ರ ನವೆಂಬರ್ 18ಕ್ಕೆ. ಅವತ್ತೇ ಏಕೆ? ಪಂಚಾಂಗದಲ್ಲಿ ಹುಡುಕಬೇಡಿ. ಅವತ್ತು ಅಧ್ಯಕ್ಷರಿಗೆ 65 ತುಂಬಿತು. ಬಂದರಿನ ಬಾಯಲ್ಲೇ ಒಂದು ದೊಡ್ಡ ಬಂಡೆ ಉಳಿದುಹೋಗಿತ್ತು, ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ಹಾಗಂತ ಹುಟ್ಟುಹಬ್ಬ ಮುಂದಕ್ಕೆ ಹಾಕಲು ಆಗುತ್ತದೆಯೇ? ಕೇಕು ಕರಗುವುದಿಲ್ಲವೇ? ಬಂಡೆಯೂ ಅತಿಥಿಯೇ, ಮುಂದಿನ ಸಾಲಿನಲ್ಲಿ ಕೂತಿರಲಿ ಎಂದು ಕಾರ್ಯಕ್ರಮ ಮುಗಿಸಿದರು. ಆಮೇಲೆ ಅದನ್ನು ಸಿಡಿಸಲು ಸುಮಾರು 4 ಕೋಟಿ ಡಾಲರ್ ಖರ್ಚಾಯಿತು.

ನಗಬೇಡಿ. ಹುಟ್ಟುಹಬ್ಬಕ್ಕೆ ರಿಬ್ಬನ್ ಕತ್ತರಿಸುವುದು ನಮಗೂ ಗೊತ್ತಿರುವ ವಿದ್ಯೆಯೇ. ಶಿವಮೊಗ್ಗದ ವಿಮಾನ ನಿಲ್ದಾಣ ಉದ್ಘಾಟನೆಯಾದ 2023ರ ಫೆಬ್ರುವರಿ 27 ಯಡಿಯೂರಪ್ಪನವರ 80ನೇ ಹುಟ್ಟುಹಬ್ಬ. ಒಂದು ಮಾತು ಒಪ್ಪಲೇಬೇಕು, ನನ್ನ ಹೆಸರು ಬೇಡ ಎಂದು ಅವರೇ ಹೇಳಿದರು, ಕುವೆಂಪು ಹೆಸರು ಬಂತು. ಲಂಕೆಯಲ್ಲಿ ಆ ಸಂಕೋಚ ಇರಲಿಲ್ಲ. ಬಂದರಿಗೆ ಇಟ್ಟ ಹೆಸರು ಮಾಗಂಪುರ ಮಹಿಂದ ರಾಜಪಕ್ಸೆ ಬಂದರು. ಅದೇ ಜಿಲ್ಲೆಯ ಸೂರಿಯವೇವದ ಕ್ರಿಕೆಟ್ ಮೈದಾನ ಮಹಿಂದ ರಾಜಪಕ್ಸೆ ಮೈದಾನ. ಕೊಲಂಬೊದ ರಂಗಮಂದಿರ ಮಹಿಂದ ರಾಜಪಕ್ಸೆ ರಂಗಮಂದಿರ. ಮತ್ತೆ ಅದೇ ಜಿಲ್ಲೆಯ ಮತ್ತಲದ ವಿಮಾನ ನಿಲ್ದಾಣ ಮತ್ತಲ ರಾಜಪಕ್ಸೆ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ. ಆಗ ತಮ್ಮ ಗೋಟಬಯ ರಕ್ಷಣಾ ಕಾರ್ಯದರ್ಶಿ, ಇನ್ನೊಬ್ಬ ತಮ್ಮ ಬಾಸಿಲ್ ಮಂತ್ರಿ, ಅಣ್ಣ ಚಮಲ್ ಸ್ಪೀಕರ್, ಮಗ ನಮಲ್ ಸಂಸದ. ಸಂಪುಟ ಸಭೆಗೂ ಮನೆ ಊಟಕ್ಕೂ ಒಂದೇ ಪಂಕ್ತಿ.

ವಿಮಾನ ನಿಲ್ದಾಣದ ಮಾತು ಬಂತಲ್ಲ, ಸ್ವಲ್ಪ ನಿಲ್ಲೋಣ. ನನಗೆ ಬಂದರಿಗಿಂತ ಅದರ ಮೇಲೇ ಪ್ರೀತಿ ಜಾಸ್ತಿ. 20.9 ಕೋಟಿ ಡಾಲರ್ ಖರ್ಚು, ಅದರಲ್ಲೂ ಚೀನಾದ ಸಾಲವೇ ಹೆಚ್ಚು. ವರ್ಷಕ್ಕೆ 10 ಲಕ್ಷ ಪ್ರಯಾಣಿಕರು ಬರಲಿ ಎಂದು ಕಟ್ಟಿ 2013ರಲ್ಲಿ ಬಾಗಿಲು ತೆರೆದರು. ಜನ ಬರಲಿಲ್ಲ. ಜಗತ್ತಿನ ಅತಿ ಖಾಲಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಎಂಬ ಬಿರುದು ಬಂತು. ಆದರೆ ಪೂರ್ತಿ ಖಾಲಿ ಎಂದರೆ ಅನ್ಯಾಯ. ಆನೆ ಬಂದವು, ಕಾಡೆಮ್ಮೆ ಬಂದವು, ನವಿಲು ಬಂದವು. ಯಾರೂ ಟಿಕೆಟ್ ತೆಗೆಯಲಿಲ್ಲ, ಅಷ್ಟೇ. 2016ರಲ್ಲಿ ಅವುಗಳನ್ನು ಓಡಿಸಲು 300ಕ್ಕೂ ಹೆಚ್ಚು ಸೈನಿಕರು ಮತ್ತು ಪೊಲೀಸರು ಪಟಾಕಿ ಹಿಡಿದು ಇಳಿದರು. ಸಕಲೇಶಪುರದ ಕಡೆಯವರಿಗೆ ಈ ದೃಶ್ಯ ಹೊಸದಲ್ಲ, ಆದರೆ ಅಲ್ಲಿ ಓಡಿಸುವುದು ಗದ್ದೆಯಿಂದ, ರನ್‌ವೇಯಿಂದಲ್ಲ. ಸರಕಿಗೆಂದು ಕಟ್ಟಿದ ಕಟ್ಟಡದಲ್ಲಿ ಭತ್ತ ತುಂಬಿಸಿಟ್ಟರು. ನನ್ನ ಪ್ರಕಾರ ಇಡೀ ಯೋಜನೆಯಲ್ಲಿ ಲೆಕ್ಕಕ್ಕೆ ಸರಿಯಾಗಿ ನಡೆದ ಕೆಲಸ ಇದೊಂದೇ. ಭತ್ತ ಒಣಗಿತ್ತು, ಸೂರು ಸೋರಲಿಲ್ಲ. ಹವಾನಿಯಂತ್ರಿತ ಕಣಜ ಯಾವ ರೈತನಿಗುಂಟು?

ಹಂಬನ್ತೋಟಕ್ಕೆ 2018ರ ಕಾಮನ್‌ವೆಲ್ತ್ ಕ್ರೀಡಾಕೂಟವೂ ಬೇಕು ಎಂದು ಕೇಳಿದ್ದರು. ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಎದುರು 43ಕ್ಕೆ 27 ಮತಗಳಿಂದ ಸೋತರು. ಸಾಲ ತೀರಿಸಬೇಕಾದ ಲಂಕೆಯವರ ಪಾಲಿಗೆ ದೇವರು ಕಣ್ಣು ಬಿಟ್ಟ ಏಕೈಕ ದಿನ.

ಹಡಗು ಬರದ ಬಂದರಿಗೆ ಏನೆನ್ನಬೇಕು? ನಷ್ಟ ಎಂದರೆ ಹೋಯಿತು, ಆಡಿಟ್‌ನವರು ಬರುತ್ತಾರೆ. ಆಯಕಟ್ಟಿನ ಬಂದರು ಎನ್ನಬೇಕು. ವ್ಯೂಹಾತ್ಮಕ ಎಂದರೆ ಇನ್ನೂ ತೂಕ. ಗಿರಾಕಿ ಬರುವ ಅಂಗಡಿಗೆ ಯಾರಾದರೂ ವ್ಯೂಹಾತ್ಮಕ ದಿನಸಿ ಅಂಗಡಿ ಎನ್ನುತ್ತಾರೆಯೇ? ನಮ್ಮೂರ ಹೋಟೆಲ್ಲಿನವರಿಗೆ ಈ ಶಬ್ದ ಗೊತ್ತಿರಲಿಲ್ಲ, ಪಾಪ. ಗೊತ್ತಿದ್ದರೆ ತೋಟ ಉಳಿಯುತ್ತಿತ್ತೋ ಏನೋ. ವ್ಯೂಹ ಎಂದಮೇಲೆ ಒಳಗೆ ಹೋಗುವುದು ಮಾತ್ರ ಗೊತ್ತಿರಬೇಕು, ಹೊರಗೆ ಬರುವುದು ಗೊತ್ತಿರಬಾರದು ಎಂಬ ನಿಯಮವೂ ಇದೆ. ಅಭಿಮನ್ಯುವಿನ ಕಾಲದಿಂದ.

ಕೊನೆಗೆ 2017ರಲ್ಲಿ, ಬೇರೆ ಸರ್ಕಾರ ಬಂದಿದ್ದಾಗ, ಬಂದರಿನ 70 ಶೇಕಡಾ ಪಾಲನ್ನು ಚೈನಾ ಮರ್ಚೆಂಟ್ಸ್ ಪೋರ್ಟ್ ಎಂಬ ಕಂಪನಿಗೆ 99 ವರ್ಷಕ್ಕೆ ಗುತ್ತಿಗೆ ಕೊಟ್ಟರು. ಸಿಕ್ಕಿದ್ದು 112 ಕೋಟಿ ಡಾಲರ್. ಬೆಂಗಳೂರಿನಲ್ಲಿ ಭೋಗ್ಯದ ಮನೆ ಹುಡುಕಿದವರಿಗೆ ಇದು ಥಟ್ಟನೆ ಅರ್ಥವಾಗಬೇಕು, ಆದರೆ ಆಗುವುದಿಲ್ಲ. ಭೋಗ್ಯದಲ್ಲಿ ಇಡಿಗಂಟು ಕೊಡುತ್ತೀರಿ, ವಾಸ ಮಾಡುತ್ತೀರಿ, ಹೋಗುವಾಗ ಗಂಟು ವಾಪಸ್ ಪಡೆದು ಕೀಲಿ ಕೊಡುತ್ತೀರಿ. ಇಲ್ಲಿ ಮನೆ ಮೇಲಿನ ಸಾಲ ಬ್ಯಾಂಕಿನಲ್ಲಿ ಹಾಗೇ ಇದೆ. ಬಂದ ಗಂಟಿನಿಂದ ಆ ಸಾಲ ತೀರಿಸಲಿಲ್ಲ, ಅದು ಡಾಲರ್ ಬೊಕ್ಕಸಕ್ಕೆ, ಬೇರೆ ಸಾಲಗಳ ಕಂತಿಗೆ ಹೋಯಿತು. ಬಂದರು ಕಟ್ಟಿದ ಸಾಲ ಖಜಾನೆಯ ತಲೆ ಮೇಲೆ. ಮನೆಯಲ್ಲಿ ಬಾಡಿಗೆಯವರು, ಸಾಲದ ಕಂತು ನಮ್ಮದು, ಗಂಟು ಖರ್ಚಾಗಿದೆ.

ಮತ್ತೆ ಈ 99 ಏಕೆ? ನೂರಾದರೆ ಜಾಸ್ತಿಯಾಯಿತು ಅನ್ನಿಸುತ್ತದೆ, ಬಾಟಾ ಚಪ್ಪಲಿ ಬೆಲೆಯ ಹಾಗೆ. 2116ರಲ್ಲಿ ಬಿಡಿಸಿಕೊಳ್ಳಬಹುದು. ಈ ಅಂಕಿ ಚೀನಾಕ್ಕೆ ಚೆನ್ನಾಗಿ ಗೊತ್ತು. 1898ರಲ್ಲಿ ಬ್ರಿಟಿಷರು ಹಾಂಗ್‌ಕಾಂಗ್‌ನ ಉತ್ತರದ ನೆಲವನ್ನು ಚೀನಾದಿಂದ ಕಿತ್ತುಕೊಂಡದ್ದು ಇದೇ 99 ವರ್ಷದ ಗುತ್ತಿಗೆಗೆ. ಅದು ಆಗ ಅವಮಾನ, ಈಗ ಅಭಿವೃದ್ಧಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಅದೇ ವರ್ಷದ ನಾಟಕ ಇನ್ನೂ ಸೊಗಸು. ಬಂದರು ಕಟ್ಟಿಸಿದ ಬಳಗವೇ ದೇಶದ ಆಸ್ತಿ ಮಾರಬೇಡಿ ಎಂದು ಬೀದಿಗಿಳಿಯಿತು. ಮತ್ತಲದ ನಿಲ್ದಾಣವನ್ನು ಭಾರತಕ್ಕೆ ಕೊಡುತ್ತಾರಂತೆ ಎಂದು ನಮ್ಮ ಕಾನ್ಸುಲೇಟ್ ಮುಂದೆ ಗಲಾಟೆ ಮಾಡಿ ನಮಲ್ ರಾಜಪಕ್ಸೆ ಬಂಧನಕ್ಕೂ ಒಳಗಾದರು. ಆ ಕಾನ್ಸುಲೇಟ್ ಇದ್ದದ್ದೂ ಹಂಬನ್ತೋಟದಲ್ಲೇ. ಕೈಗಾರಿಕೆಗೆ 15,000 ಎಕರೆ ಬೇಕು ಎಂದಾಗ ನೆಲ ಹೋಗುತ್ತದೆಂದು ಹೆದರಿ ಬಂದ ಹಳ್ಳಿಯವರ ಮೇಲೂ ಜಲಫಿರಂಗಿ, ಅಶ್ರುವಾಯು.

ಇಲ್ಲಿಯವರೆಗೆ ನಗುತ್ತ ಬರೆದೆ. 2022 ಬಂದಾಗ ಕೈ ನಿಲ್ಲುತ್ತದೆ. ಆ ಮಾರ್ಚ್‌ನಲ್ಲಿ ಲಂಕೆಯಲ್ಲಿ ಮಕ್ಕಳ ಪರೀಕ್ಷೆ ಮುಂದಕ್ಕೆ ಹೋಯಿತು. ಕಾಗದ ಇರಲಿಲ್ಲ. ಪ್ರಶ್ನೆಪತ್ರಿಕೆ ಅಚ್ಚು ಹಾಕಲು ಕಾಗದ ತರಿಸುವಷ್ಟು ಡಾಲರ್ ದೇಶದಲ್ಲಿ ಇರಲಿಲ್ಲ. ಪೆಟ್ರೋಲ್ ಸಾಲಿನಲ್ಲಿ ಬಿಸಿಲಿಗೆ ನಿಂತವರು ನಿಂತಲ್ಲೇ ಸತ್ತರು. ಹಂಬನ್ತೋಟದಲ್ಲಿ ಹಡಗಿಗೆ ಎಣ್ಣೆ ತುಂಬಲು ದೊಡ್ಡ ದೊಡ್ಡ ಟ್ಯಾಂಕುಗಳಿವೆ. ಏಪ್ರಿಲ್‌ನಲ್ಲಿ ಹೊರಸಾಲ ತೀರಿಸಲಾರೆವು ಎಂದು ಸರ್ಕಾರ ಕೈಚೆಲ್ಲಿತು, ಜುಲೈನಲ್ಲಿ, ಅಷ್ಟು ಹೊತ್ತಿಗೆ ಅಧ್ಯಕ್ಷರಾಗಿದ್ದ ತಮ್ಮ ಗೋಟಬಯ ವಿಮಾನ ಹತ್ತಿ ಮಾಲ್ಡೀವ್ಸ್‌ಗೆ ಓಡಿದರು. ನಮ್ಮ ಟೀವಿಗೆ ಅಧ್ಯಕ್ಷರ ಮನೆಯ ಈಜುಕೊಳ ಸಿಕ್ಕಿತು. ಒಂದು ವಾರ ಅದನ್ನೇ ತೋರಿಸಿದರು. ಆಗಸ್ಟ್‌ನಲ್ಲಿ ಉಪಗ್ರಹಗಳ ಜಾಡು ಹಿಡಿಯುವ ಯುವಾನ್ ವಾಂಗ್ 5 ಎಂಬ ಚೀನೀ ಹಡಗು ಹಂಬನ್ತೋಟಕ್ಕೆ ಬಂತು, ಮತ್ತೆ ನಕಾಶೆ, ಮತ್ತೆ ಹಾರ. ಸಾಲದ ಬಲೆ ಎಂದು ಅರಚಿದರು. ಲಂಕೆಯ ಹೊರಸಾಲದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಅಂತಾರಾಷ್ಟ್ರೀಯ ಬಾಂಡ್ ಮಾರುಕಟ್ಟೆಯದು. ಅದಕ್ಕೆ ಮುಖ ಇಲ್ಲ, ಬಾವುಟ ಇಲ್ಲ, ಕೆಂಪು ಚುಕ್ಕೆ ಇಡಲು ಬರುವುದಿಲ್ಲ. ಬಲೆ ಬೀಸಿದವನ ಬಗ್ಗೆ ಇಷ್ಟು ಮಾತು, ಹುಟ್ಟುಹಬ್ಬಕ್ಕೆ ಬಲೆ ತರಿಸಿಕೊಂಡವರ ಬಗ್ಗೆ ಅರ್ಧ ನಿಮಿಷವೂ ಇಲ್ಲ. ಸಾಕಾಗಿದೆ.

ಹಾಂ, ಈಗ ಬಂದರು ನಡೆಯುತ್ತಿದೆ, ಅದನ್ನೂ ಹೇಳಬೇಕು. ಅಲ್ಲಿನ ಮುಖ್ಯ ವ್ಯಾಪಾರ ಕಾರುಗಳದ್ದು. ಒಂದು ಹಡಗಿನಿಂದ ಇಳಿಸಿ ಇನ್ನೊಂದಕ್ಕೆ ಹತ್ತಿಸಿ ಬೇರೆ ದೇಶಗಳಿಗೆ ಕಳಿಸುತ್ತಾರೆ. 2020ರಿಂದ 2025ರ ಆರಂಭದವರೆಗೆ ಲಂಕೆಯವರು ಹೊರಗಿನಿಂದ ಕಾರು ತರಿಸಿಕೊಳ್ಳುವಂತಿರಲಿಲ್ಲ, ಡಾಲರ್ ಇಲ್ಲ ಎಂದು ನಿಷೇಧ. ಅವರ ಬಂದರಿನಲ್ಲಿ ಮಾತ್ರ ಸಾಲು ಸಾಲು ಹೊಸ ಕಾರು. ಮಿಠಾಯಿ ಅಂಗಡಿಯಲ್ಲಿ ಕೆಲಸಕ್ಕಿರುವ ಸಕ್ಕರೆ ಕಾಯಿಲೆಯವನ ಹಾಗೆ ನೋಡಿಕೊಂಡಿದ್ದರು.

ಇಷ್ಟು ಹೊತ್ತು ಪಕ್ಕದಲ್ಲಿ ಕೂತು ಮಜ್ಜಿಗೆ ಅನ್ನ ಕಲಸುತ್ತಿದ್ದ ನನ್ನ ಭಾವ ಹೊನ್ನಾವರದ ಕಡೆಯವರು. ಅಲ್ಲಿ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಬೇಡ ಎಂದು ಮೀನುಗಾರರು ವರ್ಷಗಳಿಂದ ಮರಳ ಮೇಲೆ ಕೂತಿದ್ದಾರೆ. ಈಚೆಗೆ ಅಂಕೋಲೆಯ ಕೇಣಿಯಲ್ಲೂ ಅದೇ. ಅದೂ ಆಳಸಮುದ್ರದ ಬಂದರು, ಸರ್ವಋತು ಬಂದರು. ಭಾವ ಟೀವಿಯ ಹಾರವನ್ನೇ ನೋಡುತ್ತ ಕೇಳಿದರು:

'ಅಲ್ಲ ಭಾವ, ಈ ನಕಾಶೆಯಲ್ಲಿ ನಮ್ಮ ಟೊಂಕ ಎಲ್ಲಿ ಬರುತ್ತದೆ?'

ನಾನು ಕನ್ನಡಕ ಹಾಕಿಕೊಂಡು ಎದ್ದು ಹತ್ತಿರ ಹೋದೆ. ಅಷ್ಟರಲ್ಲಿ ಸಿಮೆಂಟಿನ ಜಾಹೀರಾತು ಬಂತು.