ತಾಜಾ ಉಮೇದುವಾರರು ಬೇಕಾಗಿದ್ದಾರೆ

ಇಂಗ್ಲೆಂಡಿನಲ್ಲಿ ‘ಫ್ರೆಶರ್’ ಎಂದರೆ ವಿಶ್ವವಿದ್ಯಾಲಯಕ್ಕೆ ಈಗಷ್ಟೇ ಕಾಲಿಟ್ಟ ವಿದ್ಯಾರ್ಥಿ. ನಮ್ಮಲ್ಲಿ ಈ ಪದ ಕಾಲೇಜಿನ ಹೆಬ್ಬಾಗಿಲಲ್ಲೂ ಹಿತ್ತಿಲ ಬಾಗಿಲಲ್ಲೂ ನಿಂತಿದೆ. ಒಳಹೋಗುವಾಗ ಗುಲಾಬಿ ಕೊಟ್ಟು ‘ಫ್ರೆಶರ್ಸ್ ಡೇ’ ಆಚರಿಸುತ್ತಾರೆ. ನಾಲ್ಕು ವರ್ಷ ಓದಿ ಹೊರಬಂದಾಗ ಉದ್ಯೋಗದಾತರು ಮತ್ತೆ ಫ್ರೆಶರ್ ಎಂದೇ ಕರೆಯುತ್ತಾರೆ. ನಡುವಿನ ಓದು ಮೈಗೆ ಅಂಟಿಲ್ಲವೆಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಅಂಕಪಟ್ಟಿ ಬೇರೆ ಬೇಕಿಲ್ಲ.

ಬೆಂಗಳೂರಿನ ಜಾಹೀರಾತುಗಳಲ್ಲಿ ಈ ಪದಕ್ಕೆ ಇನ್ನೂ ಸೂಕ್ಷ್ಮವಾದ ಅರ್ಥ ಬಂದಿದೆ. ಫ್ರೆಶರ್‌ಗಳು ಬೇಕು, ಎರಡು ವರ್ಷಗಳ ಅನುಭವ ಇರಬೇಕು, ಈ ವರ್ಷ ತೇರ್ಗಡೆಯಾದವರು ಮಾತ್ರ ಅರ್ಜಿ ಹಾಕಬೇಕು. ಸೊಪ್ಪು ಈಗಷ್ಟೇ ಕಿತ್ತದ್ದಾಗಿರಬೇಕು, ಆದರೆ ಚೆನ್ನಾಗಿ ಬೆಂದೂ ಇರಬೇಕೆಂದು ಮಾರುಕಟ್ಟೆಯಲ್ಲಿ ಯಾರಾದರೂ ಕೇಳಿದರೆ ಸೊಪ್ಪಿನವಳು ನಾಲ್ಕು ಮಾತು ಒಪ್ಪಿಸಿ ಕಳುಹಿಸುತ್ತಾಳೆ. ಮಾನವ ಸಂಪನ್ಮೂಲ ವಿಭಾಗಕ್ಕೆ ಹಾಗೆ ಹೇಳುವವರಿಲ್ಲ.

ನಮ್ಮದೇ ಹಳೆಯ ಪದವೊಂದಿತ್ತು: ಉಮೇದುವಾರ. ಈಗ ಅದು ಚುನಾವಣೆಗೆ ನಿಂತವರ ಸೊತ್ತಾಗಿದ್ದರೂ, ಮೂಲದ ಪಾರಸಿಯಲ್ಲಿ ‘ಉಮೇದ್’ ಎಂದರೆ ಭರವಸೆ. ಬ್ರಿಟಿಷರ ಕಾಲದ ಕಚೇರಿಗಳಲ್ಲಿ ಯಾವುದಾದರೂ ಜಾಗ ತೆರವಾದೀತೆಂದು ಸಂಬಳವಿಲ್ಲದೆ ದುಡಿಯುತ್ತ ಕಾದು ಕುಳಿತವರಿಗೂ ಅದೇ ಹೆಸರಿತ್ತು. ಅವರನ್ನು ಈಗ ಇಂಟರ್ನ್ ಎನ್ನುತ್ತಾರೆ. ಲ್ಯಾಪ್‌ಟಾಪನ್ನು ಅವರೇ ತರಬೇಕು.

2024ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ದೇಶದ ಮುಂಚೂಣಿಯ 500 ಕಂಪನಿಗಳಲ್ಲಿ ಹನ್ನೆರಡು ತಿಂಗಳು ಕಲಿಯಲು ತಿಂಗಳಿಗೆ 5,000 ರೂಪಾಯಿ ಗೊತ್ತುಮಾಡಿದರು. ಅದರಲ್ಲಿ 4,500 ಸರ್ಕಾರದ್ದು, ಉಳಿದ 500 ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ನಿಧಿಯದ್ದು. ಎಂದರೆ ಕಂಪನಿಯ ಪಾಲು ದಿನಕ್ಕೆ ಹದಿನಾರು ರೂಪಾಯಿ ಚಿಲ್ಲರೆ, ದರ್ಶಿನಿಯಲ್ಲಿ ಒಂದು ಲೋಟ ಕಾಫಿಯ ಆಸುಪಾಸು. ಅದೂ ಗಿಡ ನೆಡುವ, ಶಾಲೆಗೆ ಬಣ್ಣ ಹೊಡೆಸುವ ಧರ್ಮದ ಲೆಕ್ಕದಲ್ಲಿ!

ಕರ್ನಾಟಕದ ಯುವನಿಧಿ ಈ ವಿಷಯದಲ್ಲಿ ಹೆಚ್ಚು ನೇರವಾಗಿದೆ. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಗರಿಷ್ಠ ಎರಡು ವರ್ಷ. ತಾನು ನಿರುದ್ಯೋಗಿಯೇ ಎಂದು ಸ್ವಯಂ ಘೋಷಣೆ ಸಲ್ಲಿಸುತ್ತಿರಬೇಕು. ಜಾಹೀರಾತು ಬೇಡಿದ ಎರಡು ವರ್ಷಗಳ ಅನುಭವ ಹೀಗೆ ಸರ್ಕಾರಿ ದಾಖಲೆಯ ಸಮೇತ ಕೈಗೂಡುತ್ತದೆ. ಅದನ್ನು ಹಿಡಿದು ಸಂದರ್ಶನಕ್ಕೆ ಹೋದವನಿಗೆ, ತಾನು ಈ ವರ್ಷ ತೇರ್ಗಡೆಯಾದವನಲ್ಲವೆಂಬುದು ಬಾಗಿಲಲ್ಲೇ ತಿಳಿಯುತ್ತದೆ.