ಮಳೆಯಲ್ಲಿ ಇಟ್ಟು ಹೋಗುವುದಕ್ಕೆ ತಲುಪಿಸುವುದು ಎನ್ನುತ್ತಾರೆಯೇ?

ಆಟಿ ತಿಂಗಳ ಮಂಗಳೂರಿನಲ್ಲಿ, ಬೆಳಗ್ಗಿನಿಂದ ಒಂದೇ ಸಮನೆ ಮಳೆ ಹೊಯ್ಯುತ್ತಿರುವಾಗ, ಪೊಟ್ಟಣವನ್ನು ಗೇಟಿನ ಕಂಬದ ಮೇಲಿಟ್ಟು, ಅದರ ಫೋಟೊ ತೆಗೆದು, ‘ತಲುಪಿಸಲಾಗಿದೆ’ ಎಂದು ಸಂದೇಶ ಕಳುಹಿಸಿ ಹೋಗುವವರಿಗೆ ಏನು ಹೇಳಬೇಕು? ಆ ಫೋಟೊ ನನ್ನ ಮೊಬೈಲ್‌ನಲ್ಲಿದೆ. ಕಂಬದ ಮೇಲಿನ ಪಾಚಿ ಕಾಣುತ್ತದೆ, ಪೊಟ್ಟಣದ ಮೇಲೆ ನೀರು ನಿಂತದ್ದು ಕಾಣುತ್ತದೆ, ಹತ್ತು ಹೆಜ್ಜೆ ಹಿಂದೆ ನಮ್ಮ ಮನೆಯ ತೆರೆದ ಬಾಗಿಲೂ ಕಾಣುತ್ತದೆ. ಅಮ್ಮ ಜಗಲಿಯಲ್ಲೇ ಕುಳಿತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದರು. ‘ಅಮ್ಮಾ’ ಎಂದು ಒಂದು ಸಲ ಕೂಗಿದ್ದರೆ ಸಾಕಿತ್ತು.

ಒಳಗಿದ್ದದ್ದು ಅಮೆರಿಕದ ಕ್ರೈಸ್ತ ಸಂಗೀತ ತಂಡ ಕಾಸ್ಟಿಂಗ್ ಕ್ರೌನ್ಸ್‌ನ ಹೊಸ ಆಲ್ಬಂನ ಸಿಡಿ. ವಿದೇಶದಿಂದ ತರಿಸಿಕೊಡುವವರ ಬಳಿ 1,850 ರೂಪಾಯಿ ಕೊಟ್ಟು, ಆರು ವಾರ ಕಾದಿದ್ದೆ.

ಈ ತಂಡ ನನಗೆ ಏನು ಎಂಬುದನ್ನು ಹೇಳಲೇಬೇಕು. 2003ರಲ್ಲಿ ಬಂದ ಅವರ ಮೊದಲ ಆಲ್ಬಂ ಅನ್ನು ದುಬೈಯಿಂದ ರಜೆಗೆ ಬಂದ ಮಾವ ತಂದುಕೊಟ್ಟಿದ್ದರು. ಅಂದಿನಿಂದ ಇಂದಿನವರೆಗೆ ನಾನು ಬಿಟ್ಟದ್ದಿಲ್ಲ. ಬೈಬಲಿನ ಪ್ರಕಟನೆ ಗ್ರಂಥದ ನಾಲ್ಕನೇ ಅಧ್ಯಾಯದಲ್ಲಿ ಹಿರಿಯರು ತಮ್ಮ ಕಿರೀಟಗಳನ್ನು ಸಿಂಹಾಸನದ ಮುಂದೆ ಹಾಕುತ್ತಾರಲ್ಲ, ‘ಕಿರೀಟಗಳನ್ನು ಹಾಕುವುದು’ ಎಂಬ ಅರ್ಥದ ತಂಡದ ಹೆಸರು ಬಂದದ್ದು ಅಲ್ಲಿಂದ. 1999ರಲ್ಲಿ ಫ್ಲಾರಿಡಾದ ಡೇಟೋನಾ ಬೀಚ್‌ನ ಒಂದು ಚರ್ಚಿನ ಯುವಜನರ ಕೂಟದಲ್ಲಿ ಹುಟ್ಟಿ, ಆಮೇಲೆ ಜಾರ್ಜಿಯಾಕ್ಕೆ ಹೋದವರು. ಮುಖ್ಯ ಗಾಯಕ ಮಾರ್ಕ್ ಹಾಲ್ ಇಷ್ಟು ಹೆಸರು ಮಾಡಿದ ಮೇಲೂ ತಮ್ಮ ಚರ್ಚಿನ ಯುವಜನರ ಸೇವೆಯನ್ನು ಬಿಡಲಿಲ್ಲ. ಭಾನುವಾರದ ಕ್ವಾಯರಿನಲ್ಲಿ ಹಾಡುವ ನನ್ನಂಥವನಿಗೆ ಅದು ದೊಡ್ಡ ಮಾತು. 2015ರಲ್ಲಿ ಅವರಿಗೆ ಕ್ಯಾನ್ಸರ್ ಎಂದು ತಿಳಿದು ಒಂದು ಮೂತ್ರಪಿಂಡವನ್ನೇ ತೆಗೆದರು. ನಾನು ಅಪ್ಪನನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದ ವರ್ಷ ಅದು. ಜೆಪ್ಪುವಿನಿಂದ ಆಸ್ಪತ್ರೆಯವರೆಗೂ ಕಾರಿನಲ್ಲಿ ಅವರದೇ ಹಾಡು. ಇಂಗ್ಲಿಷ್ ಅಷ್ಟಾಗಿ ಬಾರದ ಅಪ್ಪ, ಸಿಡಿಯ ಒಳಗಿನ ಕಾಗದವನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡು ಬೆರಳಿಟ್ಟು ಸಾಲು ಹಿಡಿಯುತ್ತಿದ್ದರು. ಅಪ್ಪ ಈಗ ಇಲ್ಲ. ಆ ಕಾಗದ ಇದೆ, ಮಡಿಕೆಯಲ್ಲಿ ಸವೆದು ಬಿಳಿಯಾಗಿದೆ.

ಆದ್ದರಿಂದಲೇ ಸಿಡಿ ತರಿಸುತ್ತೇನೆ. ಇದನ್ನು ಎಷ್ಟು ಮಂದಿಗೆ ಬಿಡಿಸಿ ಹೇಳಬೇಕು?

ಮೊದಲ ದಿನ ‘ಗ್ರಾಹಕರು ಮನೆಯಲ್ಲಿ ಇರಲಿಲ್ಲ’ ಎಂದು ಕೊರಿಯರ್‌ನವರಿಂದ ಸಂದೇಶ ಬಂತು. ಅಮ್ಮ ಇದ್ದರು. ಎರಡನೇ ದಿನವೂ ಅದೇ ಸಂದೇಶ. ಅಮ್ಮ ಅಂದೂ ಇದ್ದರು. ಮೂರನೇ ದಿನ ಅರ್ಧ ದಿನ ರಜೆ ಹಾಕಿ ನಾನೇ ಜಗಲಿಯಲ್ಲಿ ಕುಳಿತೆ. ಒಂದು ಸ್ಕೂಟರ್ ಕೂಡ ನಮ್ಮ ಓಣಿಗೆ ತಿರುಗಲಿಲ್ಲ, ಆದರೆ ಮೂರೂವರೆಗೆ ಅದೇ ಸಂದೇಶ ನನ್ನ ಕೈಯಲ್ಲೇ ಟಿಂಗ್ ಎಂದಿತು. ಮನೆಯೊಳಗೆ ಕುಳಿತಿರುವ ಮನುಷ್ಯನಿಗೆ ನೀನು ಮನೆಯಲ್ಲಿಲ್ಲ ಎಂದು ಬರೆಯಲು ಇವರಿಗೆ ಕೈಯಾದರೂ ಹೇಗೆ ಬರುತ್ತದೆ, ಮಾರಾಯರೇ? ನಾಲ್ಕನೇ ದಿನ ಕಂಬದ ಮೇಲೆ ಇಟ್ಟು ಹೋದರು.

ಸಂಜೆ ಬಂದು ಬಿಚ್ಚಿದೆ. ರಟ್ಟು ಬೆರಳಿಗೆ ಹಿಟ್ಟಿನಂತೆ ಹತ್ತಿತು. ಪೆಟ್ಟಿಗೆಯ ಸಂದಿಯಿಂದ ನೀರು ಒಳಗಿಳಿದು ಕಾಗದವೆಲ್ಲ ಒಂದಕ್ಕೊಂದು ಅಂಟಿ ಒಂದೇ ಮುದ್ದೆಯಾಗಿತ್ತು. ಫ್ಯಾನಿನ ಕೆಳಗೆ ಇಟ್ಟು, ಮಲಗುವ ಮುನ್ನ ಅಮ್ಮನ ಹೊಲಿಗೆಯ ಸೂಜಿಯಿಂದ ಅಂಚನ್ನು ಬಿಡಿಸಲು ನೋಡಿದೆ. ಅಕ್ಷರಗಳು ಒಂದು ಹಾಳೆಯಿಂದ ಎದ್ದು ಇನ್ನೊಂದರ ಬೆನ್ನಿಗೆ ಹೋದವು. ಒಳಗೆ ಏನು ಅಚ್ಚಾಗಿತ್ತು ಎಂಬುದು ನನಗೆ ಇನ್ನು ಗೊತ್ತಾಗುವುದಿಲ್ಲ.

ಮರುದಿನ ಪಂಪ್‌ವೆಲ್ ದಾಟಿ, ಮೊಣಕಾಲಿನವರೆಗೆ ಒದ್ದೆಯಾಗಿ ಅವರ ಕಚೇರಿಗೆ ಹೋದೆ. ಮೇಜಿನ ಹಿಂದಿದ್ದವರು ಪೊಟ್ಟಣವನ್ನು ಮುಟ್ಟಿಯೂ ನೋಡಲಿಲ್ಲ. “ಫೋಟೊ ಇದೆಯಲ್ಲ ಸರ್, ತಲುಪಿದೆ” ಎಂದರು. ಕಾಗದ ತೋರಿಸಿದೆ. “ಸಿಡಿ ಹಾಡುತ್ತದಲ್ಲ?” ಹಾಡುತ್ತದೆ ಎಂದೆ. “ಮತ್ತೆ? ಈಗ ಎಲ್ಲವೂ ಮೊಬೈಲ್‌ನಲ್ಲೇ ಬರುತ್ತದೆ. ಇದನ್ನೆಲ್ಲ ಯಾರು ತರಿಸುತ್ತಾರೆ ಸರ್?”

ಅಲ್ಲಿಯವರೆಗೆ ತಡೆದಿದ್ದ ಸಿಟ್ಟು ಅಲ್ಲಿ ನೆತ್ತಿಗೇರಿತು. ನಾನು ಏನು ತರಿಸುತ್ತೇನೆ, ಏಕೆ ತರಿಸುತ್ತೇನೆ ಎಂದು ಕೇಳುವುದು ಇವರ ಕೆಲಸವೇ? ದುಡ್ಡು ತೆಗೆದುಕೊಂಡದ್ದು ಒಣಗಿದ ವಸ್ತುವನ್ನು ಒಣಗಿದಂತೆಯೇ ಕೈಗೆ ಕೊಡುವುದಕ್ಕೆ. ಅಷ್ಟು ಮಾಡಿ. ದಾರಿಯಲ್ಲಿ ಓಡಾಡುವ ಹುಡುಗರ ಮೇಲೆ ನಾನು ಪೂರ್ತಿ ತಪ್ಪು ಹೊರಿಸುವುದಿಲ್ಲ. ಆ ಮಳೆಯಲ್ಲಿ ಒಬ್ಬನಿಗೆ ಅಷ್ಟೊಂದು ಮನೆ ಹಂಚಿ, ಒಂದು ಪ್ಲಾಸ್ಟಿಕ್ ಚೀಲವನ್ನೂ ಕೊಡದೆ ಕಳುಹಿಸುವವರು ಮೇಜಿನ ಹಿಂದೆ ಇದ್ದಾರೆ.

ಹಾಡಿನ ಕಾಗದವನ್ನು ಮಳೆಯಿಂದ ಕಾಯುವುದು ಈ ಊರಿಗೆ ಹೊಸತೂ ಅಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕೆಲವೇ ವರ್ಷಗಳಲ್ಲಿ ಬಲ್ಮಠದಲ್ಲಿ ಅಚ್ಚುಕೂಟ ನಡೆಸಿ ಕನ್ನಡ, ತುಳು ಪುಸ್ತಕಗಳನ್ನು ಮುದ್ರಿಸಿದರು. ಅಜ್ಜಿಯ ತುಳು ಗೀತೆಗಳ ಪುಸ್ತಕ ನಮ್ಮ ಮನೆಯಲ್ಲಿ ಈಗಲೂ ಇದೆ. ಹೆಂಚಿನ ಮಾಡು ಸೋರುತ್ತಿದ್ದ ಕಾಲದಲ್ಲಿ ಅವರು ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಅಕ್ಕಿಯ ಡಬ್ಬದೊಳಗೆ ಇಟ್ಟು ಉಳಿಸಿದರು. ಅಷ್ಟು ಮಳೆಗಾಲ ದಾಟಿದ ಪುಸ್ತಕದ ಒಂದು ಹಾಳೆಯೂ ಅಂಟಿಲ್ಲ. ನನ್ನ ಸಿಡಿಗೆ ಇವರು ಒಂದು ಮಧ್ಯಾಹ್ನದ ಕಾಳಜಿ ತೋರಿಸಲಿಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದೇನೆ. ಮೂರು ಸುಳ್ಳು ಸಂದೇಶಗಳನ್ನೂ ಆ ಫೋಟೊವನ್ನೂ ತೆಗೆದಿಟ್ಟಿದ್ದೇನೆ. ದುಡ್ಡು ವಾಪಸು ಬಂದರೆ ಇನ್ನೊಂದು ಸಿಡಿ ತರಿಸುತ್ತೇನೆ, ಮಳೆ ಬಿಟ್ಟ ಮೇಲೆ.